ಕೇತಮ್ಮನಿಗೆ ಬೇಕಾಗಿದ್ದ ಜಾಮೀನು

ಫೋನಿನಲ್ಲಿ ಹೆಂಗಸೊಬ್ಬಳು "ಜಾಮೀನು ಬೇಕಾಗಿತ್ತು ಕನಪ್ಪ" ಎಂದಳು. ಯಶ್ವಂತನ ಕಿವಿಗೆ ಬಿದ್ದದ್ದು ಜಮೀನು. ವಿಜಯನಗರದ ವಕೀಲ ಗೋಪೀನಾಥರ ಕಚೇರಿಗೆ ಅವನು ಟೈಪಿಸ್ಟಾಗಿ ಸೇರಿ ಇನ್ನೂ ವಾರವಾಗಿರಲಿಲ್ಲ. ಬರುವ ಫೋನೆಲ್ಲ ಸೈಟು, ಖಾತೆ, ಕ್ರಯಪತ್ರದ ಬಾಬತ್ತೇ. ಕೆಂಗೇರಿ ಕಡೆ ಒಳ್ಳೇ ಕಾರ್ನರ್ ಸೈಟಿದೆ ಆಂಟಿ, ಮೆಟ್ರೋ ಪಕ್ಕದಲ್ಲೇ, ಎಂದು ಶುರುಹಚ್ಚಿಕೊಂಡ. ಸ್ವಂತಕ್ಕೆ ಗೇಣು ನೆಲವಿಲ್ಲದವನಿಗೆ ಊರಿಗೆಲ್ಲ ನೆಲ ತೋರಿಸುವ ಉಮೇದು.

"ನನ್ನ ಮಗ ಜೈಲಲ್ಲವ್ನೆ," ಎಂದು ಆ ಹೆಂಗಸು ಅವನ ಮಾತನ್ನು ತಡೆದಳು.

ಅವಳು ಕೇತಮ್ಮ, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಬಾಳುವ ಸೋಲಿಗರವಳು. ಗಂಡ ಸತ್ತ ಮೇಲೆ ಕಂಕುಳ ಕೂಸಿನ ಜೊತೆ ಮೇಸ್ತ್ರಿಯೊಬ್ಬನ ಲಾರಿ ಹತ್ತಿ ಬೆಂಗಳೂರಿಗೆ ಬಂದಿದ್ದಳು. ಇಟ್ಟಿಗೆ ಹೊತ್ತಳು, ಬೆನ್ನು ಬಿದ್ದುಹೋದ ಮೇಲೆ ಪೊರಕೆ ಹಿಡಿದಳು. ಈಗ ಲಗ್ಗೆರೆಯ ಶೀಟಿನ ಕೋಣೆಯಿಂದ ದಿನಾ ಹೊಸಹಳ್ಳಿಗೆ ಬಂದು ಒಂದು ಕಟ್ಟಡದ ಮೆಟ್ಟಿಲು ಒರೆಸುತ್ತಾಳೆ. ಯಾವ ಜನ ಎಂದು ಯಾರಾದರೂ ಕೇಳಿದರೆ ಚಾಮರಾಜನಗರದ ಕಡೆಯವರು ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಮಗ ಜಡೆಯನಿಗೂ ಅದನ್ನೇ ಕಲಿಸಿದ್ದಳು.

ಪೀಣ್ಯದ ಗೋದಾಮಿನಲ್ಲಿ ಜಡೆಯ ಲೋಡಿಂಗ್ ಕೆಲಸಕ್ಕಿದ್ದ. ಅಲ್ಲಿ ತಾಮ್ರದ ತಂತಿ ಕಾಣೆಯಾದಾಗ ಪೊಲೀಸರು ಲೋಡಿಂಗಿನ ಹುಡುಗರನ್ನೆಲ್ಲ ಎತ್ತಿಕೊಂಡು ಹೋದರು. ಸಂಜೆಯೊಳಗೆ ಒಬ್ಬನನ್ನು ಬಿಡಿಸಲು ಮಾವ ಬಂದ, ಇನ್ನೊಬ್ಬನಿಗೆ ಏರಿಯಾದ ಲೀಡರು ಬಂದ. ಉಳಿದವನು ಜಡೆಯ. ಯಾವ ಊರೋ ಎಂದು ಗದರಿಸಿದ್ದಕ್ಕೆ ಅವ್ವ ಕಲಿಸಿದ್ದನ್ನು ಮರೆತು ಬೆಟ್ಟದ ಹೆಸರು ಹೇಳಿಬಿಟ್ಟ. ಖಾಯಂ ವಿಳಾಸವಿಲ್ಲ, ಕಾಡಿನಲ್ಲಿ ತಲೆಮರೆಸಿಕೊಳ್ಳುವ ಸಂಭವವಿದೆ ಎಂದು ಕೋರ್ಟಿನಲ್ಲಿ ಅವನ ಮೇಲೆ ಆಕ್ಷೇಪಣೆ ಬಂತು.

ಆದರೂ ಗೋಪೀನಾಥರು ವಾದಿಸಿ ಜಾಮೀನು ಮಂಜೂರು ಮಾಡಿಸಿದರು. ಯಶ್ವಂತ್ ತಾನೇ ಗೆದ್ದವನಂತೆ ಕೇತಮ್ಮನಿಗೆ ಕಾಫಿ ತಂದುಕೊಟ್ಟ. ಅವಳು ಲೋಟ ಕೆಳಗಿಟ್ಟು, ಇವತ್ತೇ ಕರಕೊಂಡು ಹೋಗಬಹುದಾ ಎಂದು ಕೇಳಿದಳು. ಆಗ ಅವನು ಆದೇಶವನ್ನು ಪೂರ್ತಿ ಓದಿದ. ಸ್ಥಳೀಯನೊಬ್ಬ ತನ್ನ ಆಸ್ತಿಯ ಕಾಗದ ಇಟ್ಟು ಹೊಣೆ ನಿಲ್ಲಬೇಕಿತ್ತು. ಜಾಮೀನಿನ ಮೇಲೆ ಹೊರಬರಬೇಕಾದರೆ ಯಾರದಾದರೂ ಜಮೀನೇ ಬೇಕು.

ನಮಗೂ ಭೂಮಿ ಅದೆ ಎಂದು ಕೇತಮ್ಮ ಬೆಟ್ಟಕ್ಕೆ ಹೋಗಿ ಅತ್ತೆಯ ಹೆಸರಿನ ಹಕ್ಕುಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಳು. ಕೋರ್ಟಿನ ಕಚೇರಿಯಲ್ಲಿ ಅದನ್ನು ತಿರುವಿ ನೋಡಿ ವಾಪಸು ಕೊಟ್ಟರು. ಅರಣ್ಯಹಕ್ಕಿನ ಭೂಮಿಯನ್ನು ಉಳಬಹುದು, ಮಾರುವಂತಿಲ್ಲ, ಅಡವಿಡುವಂತಿಲ್ಲ. ಮಾರಲಾಗದ ನೆಲ ಹೊಣೆಗೆ ಆಗುವುದಿಲ್ಲವಂತೆ. ಯಶ್ವಂತ್ ಎದೆಯುಬ್ಬಿಸಿ ನಾನು ನಿಲ್ಲುತ್ತೇನೆ ಎಂದ. ಆಸ್ತಿ ಇಲ್ಲದಿದ್ದರೆ ಸ್ಯಾಲರಿ ಸ್ಲಿಪ್ ಎಲ್ಲಿ ಎಂದರು. ಅವನ ಸಂಬಳ ಗೋಪೀನಾಥರ ಜೇಬಿನಿಂದ ನೇರ ಅವನ ಜೇಬಿಗೆ ಬರುವಂಥದ್ದು. ಸರ್ಕಾರದ ಲೆಕ್ಕದಲ್ಲಿ ಅವನೂ ಇರಲೇ ಇಲ್ಲ.

ಅಷ್ಟರಲ್ಲಿ ಜಡೆಯ ಜೈಲಿನಲ್ಲಿ ಊಟ ಬಿಟ್ಟಿದ್ದ. ಕೇತಮ್ಮ ನೋಡಲು ಹೋದರೆ ಗಾಜಿನ ಆಚೆ ಅವನ ಬಾಯಿ ಆಡುವುದಷ್ಟೇ ಕಂಡಿತು. ಸುತ್ತ ಎಲ್ಲರೂ ಕಿರುಚುವವರೇ, ಒಂದು ಮಾತೂ ಕೇಳಲಿಲ್ಲ. ಹಿಂದಿನ ಸಲ ಕುತ್ತಿಗೆಗೆ ಸರಿಯಾಗಿದ್ದ ಅಂಗಿ ಈಗ ಭುಜದಿಂದ ಜಾರುತ್ತಿತ್ತು.

ಹೊಣೆ ನಿಲ್ಲಲು ಕೇಳುವುದಕ್ಕೆ ಉಳಿದಿದ್ದವರು ನಾಗರಾಜು ಒಬ್ಬರೇ. ಅವಳು ಮೆಟ್ಟಿಲು ಒರೆಸುವ ಕಟ್ಟಡದ ಯಜಮಾನರು. ಅಪ್ಪನ ರಾಗಿ ಹೊಲದ ಮೇಲೆ ನಾಲ್ಕು ಅಂತಸ್ತು ಎಬ್ಬಿಸಿದವರು. ಕೆಟ್ಟವರಲ್ಲ, ಹಬ್ಬಕ್ಕೆ ಸೀರೆ ಕೊಡುವವರು. ದಾರಿಯುದ್ದಕ್ಕೂ ಯಶ್ವಂತ್ ಕೇತಮ್ಮನಿಗೆ ಹೇಳಿಕೊಟ್ಟ: ಅವರು ಏನೇ ಕೇಳಲಿ, ನನ್ನ ಮಗ ಅಂಥವನಲ್ಲ ಎಂದಷ್ಟೇ ಹೇಳಿ ಆಂಟಿ. ಅವಳು ತಲೆಯಾಡಿಸಿದ್ದಳು.

ನಾಗರಾಜು ಕಾಗದಗಳನ್ನು ಎರಡೆರಡು ಸಲ ಓದಿ, ಕನ್ನಡಕ ತೆಗೆದರು. "ನಾನು ಸೈನ್ ಹಾಕ್ತೀನಿ ಕೇತಮ್ಮ, ಅದೇನ್ ದೊಡ್ಡದಲ್ಲ. ಒಂದೇ ಒಂದು ಮಾತು. ದೇವ್ರಾಣೆಗೂ ಹೇಳು, ನಿನ್ ಮಗ ಕದ್ದಿದಾನೋ ಇಲ್ವೋ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ಯಶ್ವಂತ್ ಒಳಗೊಳಗೇ ಬೇಡಿಕೊಂಡ.

"ಗೊತ್ತಿಲ್ಲ ಕನಣ್ಣ," ಎಂದಳು ಕೇತಮ್ಮ. "ಅವನ್ನ ಕೇಳ್ಬೇಕು ಅಂದ್ರೆ ಅವನು ಆಚೆಗೆ ಬರ್ಬೇಕಲ್ಲ."