ಪತ್ರಾ ಕೊಯ್ದವರು

ಆಳಂದದ ಬೇಳೆ ಗಿರಣಿಗಳ ಮುಂದೆ ಹಾದು ಹೋಗುವವರು ಬೋರ್ಡು ನೋಡುತ್ತಾರೆ, ನಿಂತ ಲಾರಿ ನೋಡುತ್ತಾರೆ. ನಾನು ಚಾವಣಿ ನೋಡುತ್ತೇನೆ. ಅಲ್ಲಿನ ಸಿಮೆಂಟ್ ಪತ್ರಾಗಳಲ್ಲಿ, ಅಂದರೆ ಶೀಟುಗಳಲ್ಲಿ, ಅರ್ಧಕ್ಕರ್ಧ ನನ್ನ ಅಣ್ಣನ ತಂಡ ಹಾಕಿದ್ದು. ತೊಗರಿ ವ್ಯಾಪಾರ ಏರಿದಂತೆ ಗಿರಣಿಗಳು ಎದ್ದವು, ಗಿರಣಿ ಎದ್ದಲ್ಲೆಲ್ಲ ನಮಗೆ ಕರೆ ಬಂತು. ಅಫಜಲಪುರ, ಜೇವರ್ಗಿಯ ಗೋದಾಮುಗಳಿಗೂ ನಾವೇ ಪತ್ರಾ ಹೊದಿಸಿದೆವು. ಅಣ್ಣ ತಂಡದ ಮುಕಾದಮ, ಆಳುಗಳ ಮುಂದಾಳು. ನಮ್ಮೂರು ಅತನೂರಿನಿಂದ ಆರು ಮಂದಿಯನ್ನು ಅವನೇ ಕರೆತಂದಿದ್ದ.

ಪತ್ರಾವನ್ನು ಅಳತೆಗೆ ತಕ್ಕಂತೆ ಗರಗಸದಿಂದ ಕೊಯ್ಯಬೇಕು, ತೂತು ಕೊರೆಯಬೇಕು. ಬಿಳಿ ಪುಡಿ ಮೀಸೆಯ ಮೇಲೆ, ರೊಟ್ಟಿ ಗಂಟಿನ ಮೇಲೆ, ಎಲ್ಲ ಕಡೆ ಕೂರುತ್ತಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಅಣ್ಣ ಎಲ್ಲರನ್ನೂ ಸಾಲಾಗಿ ಕೂರಿಸಿ ಒಂದೊಂದು ಉಂಡೆ ಬೆಲ್ಲ ಕೊಡುತ್ತಿದ್ದ. "ತಿನ್ರಲೇ, ಧೂಳ ಕೆಳಗ ಇಳೀತದ, ಎದಿ ಸ್ವಚ್ಛ ಆಗ್ತದ" ಅನ್ನುತ್ತಿದ್ದ. ಯಾರಾದರೂ ಮೂಗಿಗೆ ಟವೆಲ್ ಕಟ್ಟಿಕೊಂಡರೆ, "ಯಾಕಲೇ, ಮದುವಿ ಹೆಣ್ಣೇನು ನೀ?" ಎಂದು ಕಾಡಿ ಬಿಚ್ಚಿಸುತ್ತಿದ್ದ. ನಾನೂ ಕೂಡಿ ನಕ್ಕವನೇ. ಅದನ್ನು ನೆನೆದರೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ವರ್ಷಗಳು ಕಳೆದ ಮೇಲೆ ಆ ಆರು ಮಂದಿಯಲ್ಲಿ ಇಬ್ಬರು ಕೆಮ್ಮಿ ಕೆಮ್ಮಿ ಸತ್ತರು. ಊರು ಕ್ಷಯ ಅಂದಿತು, ನಾವೂ ಹೌದೆಂದೆವು. ಕಳೆದ ವರ್ಷ ಅಣ್ಣನಿಗೇ ಉಸಿರು ಸಾಲದಾಯಿತು. ಮನೆಯಿಂದ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದ. ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲ ಎಂದು ಬಂತು. ಪತ್ರಾದ ಧೂಳಿನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಆಗ. ಕಲಬುರಗಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಕ್ಸರೇ ನೋಡಿ, "ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು.

"ಗೌಂಡಿ ಕೆಲಸರೀ, ಗ್ವಾಡಿ ಕಟ್ಟೂದು" ಎಂದ ಅಣ್ಣ.

ನನಗೆ ಮೈಯೆಲ್ಲ ಉರಿಯಿತು. ಅವನನ್ನು ಹೊರಗಿನ ಬೆಂಚಿಗೆ ಕರೆತಂದೆ. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಪತ್ರಾ ಕೊಯ್ದೇನಿ ಅಂತ ಹೇಳಾಕ ನಿನಗೇನಾಗೇದ?"

"ಸುಮ್ಕಿರಲೇ," ಎಂದ. ಆಮೇಲೆ ದನಿ ಇಳಿಸಿದ. "ಆ ಧೂಳೇ ಕಾರಣ ಅಂತ ಬರದ್ರ ಸತ್ತವರಿಬ್ರನ್ನ ಕೊಂದಾವ ಯಾರು? ಮನೀಂದ ಕರಕೊಂಡ ಬಂದಾವ ನಾನು. ಟವೆಲ್ ಬಿಚ್ಚಿಸಿದಾವ ನಾನು."

"ಉಳಿದ ನಾಲ್ವರು ಇವತ್ತೂ ಪತ್ರಾ ಕೊಯ್ಯಾಕತ್ತಾರ. ನೀ ಬಾಯಿ ಬಿಡಲಿಲ್ಲಂದ್ರ ಅವರನ್ನೂ ನೀನ ಮಸಣಕ್ಕ ಕಳಿಸಿದಂಗ."

ಸಾಯುತ್ತಿರುವ ಅಣ್ಣನಿಗೆ ಹೀಗೆ ಅಂದದ್ದು ಸರಿಯೋ ತಪ್ಪೋ, ನಾನಂತೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಅವನು ಗೋಡೆ ಹಿಡಿದು ಎದ್ದು ಒಳಗೆ ಹೋಗಿ ತಾನೇ ಎಲ್ಲ ಹೇಳಿದ, ಬೆಲ್ಲದ ಮಾತನ್ನೂ ಹೇಳಿದ. ಡಾಕ್ಟರಮ್ಮ ಅಷ್ಟನ್ನೂ ಬರೆದುಕೊಂಡರು. ಪತ್ರಾದಲ್ಲಿರುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಅದರ ಪುಡಿ ಶ್ವಾಸಕೋಶ ಹೊಕ್ಕರೆ ಹೊರಗೆ ಬರುವುದಿಲ್ಲ, ಬೆಲ್ಲ ಹೋಗುವುದು ಹೊಟ್ಟೆಗೆ, ಎದೆಗಲ್ಲ ಎಂದರು. ಇದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ರೋಗವಲ್ಲ ಎಂದೂ ಹೇಳಿದರು. ನನ್ನ ಎಕ್ಸರೇಯನ್ನೂ ತೆಗೆಸಿದರು. ಅದರಲ್ಲೂ ಕಲೆ ಇದೆ. ಇರಲಿ.

ಮರುವಾರವೇ ಅತನೂರಿಗೆ ಹೋದೆವು. ನಾಲ್ವರನ್ನೂ ಕೂರಿಸಿ ಅಣ್ಣ ನೇರವಾಗಿ ಹೇಳಿದ: "ನಾ ಹೇಳಿದ್ದು ತಪ್ಪು. ಗರಗಸ ಕೆಳಗ ಇಡ್ರಿ, ಎದಿ ತೋರಿಸ್ಕೋರಿ." ಒಬ್ಬ ಹೊಟ್ಟೆಪಾಡು ಏನು ಎಂದು ಜಗಳಕ್ಕೆ ಬಂದ. ಅಣ್ಣ ಅಂಗಿ ಬಿಚ್ಚಿ ತನ್ನ ಎದೆಗೂಡು ತೋರಿಸಿದ. ನಾಲ್ವರೂ ಕಲಬುರಗಿಗೆ ಬರಲು ಒಪ್ಪಿದರು.

ಆಮೇಲೆ ಅಣ್ಣ ಸತ್ತವರಲ್ಲಿ ಒಬ್ಬನ ಮನೆಗೆ ಹೊರಟ. ಸಾಕು, ನಾನು ಹೋಗಿ ಹೇಳುತ್ತೇನೆ ಅಂದರೂ ಕೇಳಲಿಲ್ಲ. ಸತ್ತವನ ಹೆಂಡತಿ ಚಾಪೆ ಹಾಸಿ ಕೂರಿಸಿದಳು. ಅಣ್ಣ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾನು ಕಾದೆ. ಅವಳು ಕೇಳಿದ್ದು ಒಂದೇ.

"ಅಣ್ಣಾರ, ಇದು ಅಂಟೂದಿಲ್ಲೇನ್ರಿ?"

"ಇಲ್ಲ ತಂಗೀ."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಕೊನೀ ವರ್ಷ ಪೂರಾ ಅವರನ್ನ ದನದ ಕೊಟ್ಟಿಗ್ಯಾಗ ಮಲಗಿಸೀನ್ರಿ. ಕೂಸಿನ್ನ ಒಂದ್ಸಲ ಕೊಡು ಅಂತ ಕೈ ಚಾಚತಿದ್ರು. ಒಂದಿನಾನೂ ಕೊಡಲಿಲ್ಲರೀ."