ಕಣ್ಣು ಮುಚ್ಚಿ ಹೇಳಿದ ದಾರಿ

ಇಂಥ ವಿಷಯಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಅಷ್ಟೇ ಅಲ್ಲ, ನಂಬುವವರ ಕಾಲೆಳೆಯುವ ಚಟವೂ ನನಗಿತ್ತು. ನಮ್ಮ ಸೈಕಲ್ ತಂಡದ ಡೇವಿಡ್ ಪ್ರತಿ ರೇಸಿಗೂ ಮುಂಚೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ನಾನು ಅದನ್ನು ಎತ್ತಿ ನನ್ನ ನೀರಿನ ಬಾಟಲಿಗೆ ಹಿಂಡಿಕೊಂಡು, "ನೋಡು, ಈಗ ನಿಜವಾಗಿ ಉಪಯೋಗಕ್ಕೆ ಬಂತು" ಎನ್ನುತ್ತಿದ್ದೆ. ಆದ್ದರಿಂದ ಈಗ ಹೇಳಲಿರುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆ.

ನಮ್ಮದು ಹವ್ಯಾಸಿಗಳ ಸಣ್ಣ ತಂಡ. ಶಿವಾಜಿನಗರದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಅನ್ವರ್ ಭಾಯ್ ನಮ್ಮ ನಾಯಕರು. ಕಮ್ಮನಹಳ್ಳಿಯ ಡೇವಿಡ್, ಜೀವನ್ ಬಿಮಾ ನಗರದ ನಾನು, ಜೊತೆಗೆ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿದ್ದ ಶರಣು. ಶರಣು ಸುರಪುರದ ಕಡೆಯವನು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಜೊತೆಗೆ ಬಂದು, ಹಗಲೆಲ್ಲ ಪಾರ್ಸೆಲ್ ಹಂಚುತ್ತಿದ್ದ. ನಾವು ಮೂವರೂ ಗುಡ್ಡ ಹತ್ತುವಾಗ ಏದುಸಿರು ಬಿಡುತ್ತಿದ್ದರೆ ಅವನು ಮಾತಾಡಿಕೊಂಡು ಹತ್ತುತ್ತಿದ್ದ. ಅವನನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಆ ವರ್ಷದ ಸೀಸನ್ ನೆನೆದರೆ ಈಗಲೂ ಕಾಲು ತಾನಾಗಿ ಅಲ್ಲಾಡುತ್ತದೆ. ಒಂದು ವಾರ ಗುಡ್ಡ ಹತ್ತುವ ರೇಸು, ಮುಂದಿನ ವಾರ ಕಲ್ಲು ಮಣ್ಣಿನ ಕಾಲುದಾರಿಯಲ್ಲಿ ಸೈಕಲ್ ಓಟ. ಮೊಣಕಾಲು ತರಚಿಕೊಂಡು, ಬಾಯಿ ತುಂಬ ಧೂಳು ತುಂಬಿಕೊಂಡು, ಸೋಮವಾರ ಆಫೀಸಿನಲ್ಲಿ ಕುಂಟುತ್ತ ನಗುತ್ತಿದ್ದೆ. ಶರಣು ಗೆಲ್ಲುತ್ತಲೇ ಹೋದ. ಕೊನೆಯ ರೇಸಿನಲ್ಲಿ ಮೊದಲ ಇಬ್ಬರಲ್ಲಿ ಒಬ್ಬನಾಗಿ ಬಂದರೆ ರಾಜ್ಯದ ತರಬೇತಿ ಶಿಬಿರಕ್ಕೆ ಅವನ ಆಯ್ಕೆ ಖಚಿತ ಎನ್ನುವಲ್ಲಿಗೆ ಬಂದು ನಿಂತಿತು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು. ಅಂದರೆ ಇದೊಂದೇ ಅವಕಾಶ. ಅವನ ಮುಂದೆ ಓಡಿಸುತ್ತ ಗಾಳಿ ತಡೆಯುವುದು, ಇಳಿಜಾರಿನಲ್ಲಿ ದಾರಿ ಹಿಡಿದುಕೊಡುವುದು ನನ್ನ ಕೆಲಸ. ನಾನು ತಪ್ಪಿದರೆ ಅವನೂ ತಪ್ಪಿದ ಹಾಗೆ.

ನಮ್ಮಲ್ಲೊಂದು ಪದ್ಧತಿಯಿದೆ. ರೇಸಿಗೆ ಮುಂಚೆ ಹೋಗಿ ದಾರಿ ನೋಡಿಕೊಂಡು ಬರುತ್ತೇವೆ. ಆಮೇಲೆ ಹಲಸೂರು ಕೆರೆಯ ಹತ್ತಿರದ ಟೀ ಅಂಗಡಿಯ ಮುಂದೆ ನಿಂತು, ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಇಡೀ ದಾರಿಯನ್ನು ಬಾಯಿಪಾಠ ಒಪ್ಪಿಸಬೇಕು. ಎಲ್ಲಿ ತಿರುವು, ಎಲ್ಲಿ ಜಾರುವ ಕಲ್ಲು, ಎಲ್ಲಿ ಗೇರ್ ಬದಲಿಸಬೇಕು, ಎಲ್ಲ ಹೇಳಬೇಕು. ಪಕ್ಕದಲ್ಲಿ ಟೀ ಕುಡಿಯುವವರು ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ಅದು ರೂಢಿಯಾಗಿದೆ. ಕೊನೆಯ ರೇಸಿನ ದಾರಿ ನೋಡಲು ಮಾತ್ರ ನನಗೆ ಹೋಗಲಾಗಲಿಲ್ಲ. ನಮ್ಮ ಚಿಕ್ಕಮ್ಮನ ಮನೆಯ ಗೃಹಪ್ರವೇಶವಿತ್ತು. ಹೊಸಕೋಟೆಯಿಂದ ಆಚೆಗಿನ ಆ ಗುಡ್ಡವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಗುರುವಾರ ಬೆಳಿಗ್ಗೆ ಅನ್ವರ್ ಭಾಯ್ ನನಗಾಗಿ ದಾರಿಯನ್ನು ಎರಡು ಸಲ ಹೇಳಿದರು. ನಾನು ಕಣ್ಣು ಮುಚ್ಚಿ ಒಪ್ಪಿಸತೊಡಗಿದೆ. ಏರು, ಬಂಡೆ, ಗುಡಿಯ ಹಿಂದಿನ ತಿರುವು, ಇಳಿಜಾರು, ನೀಲಗಿರಿ ತೋಪು. ತೋಪು ದಾಟಿದ ಮೇಲೆ ದಾರಿ ಎರಡಾಗುತ್ತದೆ, ಎಡಕ್ಕೆ ಹೋಗಬೇಕು ಎಂದು ಅವರು ಹೇಳಿದ್ದರು. ನನ್ನ ಬಾಯಲ್ಲಿ ಬಂದದ್ದೇ ಬೇರೆ.

"ತೋಪು ದಾಟಿದ್ಮೇಲೆ ಬಲಕ್ಕೆ. ಎಡಗಡೆ ಹಳ್ಳ ತೋಡಿದಾರೆ, ನೀರು ತುಂಬಿದೆ. ಬಲಗಡೆ ದಾರೀಲಿ ಒಬ್ಬಮ್ಮ ಕೆಂಪು ಬಕೆಟ್ ಹಿಡ್ಕೊಂಡು ನಿಂತಿರ್ತಾರೆ."

ಕಣ್ಣು ಬಿಟ್ಟರೆ ಮೂವರೂ ನನ್ನನ್ನೇ ನೋಡುತ್ತಿದ್ದರು.

"ಅರೇ ಮಿಯಾ, ಯಾವ ಹಳ್ಳ? ಹೋದ ತಿಂಗಳ ರೇಸ್ ತಂದು ಇದಕ್ಕೆ ಸೇರಿಸ್ಬಿಟ್ಟೆ ನೀನು," ಎಂದರು ಅನ್ವರ್ ಭಾಯ್.

ಸೀಸನ್ನಿನಲ್ಲಿ ಹೀಗೆ ಒಂದು ದಾರಿ ಇನ್ನೊಂದರೊಳಗೆ ಕಲಸಿಹೋಗುವುದು ನಮಗೆಲ್ಲ ಆಗುವಂಥದ್ದೇ. ಡೇವಿಡ್ ಒಮ್ಮೆ ಮಣ್ಣಿನ ದಾರಿಯೊಳಗೆ ರೈಲ್ವೇ ಗೇಟು ತಂದಿಟ್ಟಿದ್ದ. "ಬಕೆಟ್ ಅಮ್ಮನ್ನ ಕೇಳ್ದೆ ಅಂತ ಹೇಳು ಮಗಾ" ಎಂದು ಅವನೀಗ ಸೇಡು ತೀರಿಸಿಕೊಂಡ. ನಾನೂ ನಕ್ಕೆ. ಮತ್ತೆ ಕಣ್ಣು ಮುಚ್ಚಿ ಸರಿಯಾಗಿ ಒಪ್ಪಿಸಿದೆ, ಎಡಕ್ಕೆ ಎಂದೇ ಹೇಳಿದೆ. ಶರಣು ಮಾತ್ರ ನಗಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಭಾನುವಾರ ಬೆಳಿಗ್ಗೆ ರೇಸು. ಆಹಾ, ಎಂಥ ರೇಸು ಅದು! ಏರಿನಲ್ಲಿ ಡೇವಿಡ್ ನಮ್ಮನ್ನು ಎಳೆದುಕೊಂಡು ಹೋಗಿ, ಬಂಡೆಯ ಹತ್ತಿರ ಸುಸ್ತಾಗಿ, "ಹೋಗ್ರೋ, ಹೋಗ್ರೋ" ಎಂದು ಕೂಗಿ ಬದಿಗೆ ಸರಿದ. ಅಲ್ಲಿಂದ ನಾನು ಮುಂದೆ, ಶರಣು ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು. ಗುಡಿಯ ತಿರುವಿನಲ್ಲಿ ಇಬ್ಬರನ್ನು ದಾಟಿದೆವು. ನಮ್ಮ ಮುಂದೆ ಇನ್ನು ಮೂವರೇ ಇದ್ದರು. ಇಳಿಜಾರಿನಲ್ಲಿ ಸೈಕಲ್ಲು ಕೈಯಲ್ಲಿ ಕುಣಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಹೆದರಿಕೆಗೂ ಖುಷಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ನೀಲಗಿರಿ ತೋಪಿನಿಂದ ಹೊರಬಿದ್ದದ್ದೇ ತಡ, ಕಂಡಿತು. ಬಲಗಡೆಯ ದಾರಿಯ ಬಾಯಲ್ಲಿ ಒಬ್ಬ ಹೆಂಗಸು. ಕೈಯಲ್ಲಿ ಕೆಂಪು ಬಕೆಟ್.

ಮುಂದಿನ ಮೂವರೂ ಎಡಕ್ಕೆ ತಿರುಗಿ ಪೊದೆಗಳ ಹಿಂದೆ ಮರೆಯಾದರು. ಎಡದ ದಾರಿಯಲ್ಲಿ ಹಳ್ಳ ನನಗೇನೂ ಕಾಣಲಿಲ್ಲ, ಬಾಣದ ಗುರುತೂ ಎಡಕ್ಕೇ ಇತ್ತು. ಬಲದ ದಾರಿ ಸುತ್ತು ಎಂದು ಅನ್ವರ್ ಭಾಯ್ ಹೇಳಿದ್ದರು. ಸುಮ್ಮನೆ ಅತ್ತ ಹೋದರೆ ಶರಣುವಿನ ಶಿಬಿರ ಅಲ್ಲಿಗೇ ಮುಗಿಯಿತು. ಇಷ್ಟೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ, ಆದರೆ ಆಗ ಯೋಚಿಸಲು ಸಮಯವೇ ಇರಲಿಲ್ಲ. "ಬಲಕ್ಕೋ!" ಎಂದು ಗಂಟಲು ಹರಿಯುವಂತೆ ಕೂಗಿ ಹ್ಯಾಂಡಲ್ ತಿರುಗಿಸಿಬಿಟ್ಟೆ. ಆ ಹೆಂಗಸು ಬಕೆಟ್ ಎತ್ತಿಕೊಂಡು ಪಕ್ಕಕ್ಕೆ ಹಾರಿದರು. ಹಿಂದೆ ಶರಣುವಿನ ಚಕ್ರದ ಸದ್ದು ಒಂದಿಷ್ಟೂ ತಡವರಿಸಲಿಲ್ಲ.

ಎರಡೂ ದಾರಿ ಮತ್ತೆ ಕೂಡುವಲ್ಲಿ ನಮ್ಮ ಮುಂದೆ ಯಾರೂ ಇರಲಿಲ್ಲ! ಕೊನೆಯ ಏರಿನಲ್ಲಿ ಶರಣು ನನ್ನನ್ನು ದಾಟಿ ಹಾರಿಹೋದ. ಗೆದ್ದ. ಅನ್ವರ್ ಭಾಯ್ ಅವನನ್ನು ಸೈಕಲ್ ಸಮೇತ ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ಮುಂದಿದ್ದ ಮೂವರು ಆಮೇಲೆ ಕೆಸರು ಮೆತ್ತಿಕೊಂಡು, ಸೈಕಲ್ ಹೊತ್ತುಕೊಂಡು ಬಂದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ದಾರಿ ಕಟ್ಟಿಹೋದರೆ ಪಕ್ಕದ ದಾರಿ ಹಿಡಿಯಬಹುದೆಂದು ನಡೆಸುವವರು ಮೊದಲೇ ಹೇಳಿದ್ದರಿಂದ ತಕರಾರೂ ಬರಲಿಲ್ಲ.

ಎಲ್ಲರೂ ಕುಣಿಯುತ್ತಿದ್ದಾಗ ನಾನೊಬ್ಬನೇ ತೋಪಿನ ಹತ್ತಿರ ವಾಪಸ್ ಹೋದೆ. ಎಡದ ದಾರಿಯಲ್ಲಿ ಅಡ್ಡಲಾಗಿ ತೋಡಿದ ಹಳ್ಳ, ಮೊಣಕಾಲ ಮಟ್ಟದ ನೀರು. ಆ ಹೆಂಗಸು ಅದರಿಂದಲೇ ನೀರು ತುಂಬಿಕೊಳ್ಳುತ್ತಿದ್ದರು. ಈ ಹಳ್ಳ ಯಾವಾಗಿನದು ಎಂದು ಕೇಳಿದೆ.

"ಇವತ್ತು ಬೆಳಗಿನ ಜಾವ ಪೈಪು ಒಡ್ದೋಯ್ತಲ್ಲಪ್ಪ, ಆಗ ಜೆಸಿಬಿ ತಂದು ತೋಡಿದ್ರು."

"ನೀವು ದಿನಾ ಇಲ್ಲಿಗೆ ನೀರಿಗೆ ಬರ್ತೀರಾ ಅಮ್ಮ?"

"ಇಲ್ಲಪ್ಪ, ನಾನು ಈ ಊರೋಳೇ ಅಲ್ಲ. ಮಗಳ ಮನೆಗೆ ನೆನ್ನೆ ಸಂಜೆ ಬಂದೆ."

ಗುರುವಾರ ನಾನು ಹೇಳಿದಾಗ ಹಳ್ಳವೂ ಇರಲಿಲ್ಲ, ಅಲ್ಲಿ ಅವರೂ ಇರಲಿಲ್ಲ. ರೇಸಿನ ಅಮಲಿನಲ್ಲಿ ಆಮೇಲೆ ಕಟ್ಟಿಕೊಂಡ ನೆನಪಿರಬೇಕು ಎಂದು ನೀವು ಹೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಟೀ ಅಂಗಡಿಯ ಮುಂದೆ ಮೂವರು ಕೇಳಿಸಿಕೊಂಡಿದ್ದರಲ್ಲ! ನಾನೀಗ ಡೇವಿಡ್ ಎದುರು ನಿಂಬೆಹಣ್ಣಿನ ಮಾತೇ ಎತ್ತುವುದಿಲ್ಲ. ಅನ್ವರ್ ಭಾಯ್, "ಕೆದಕ್ಬೇಡ, ಬಿಟ್ಬಿಡು" ಎನ್ನುತ್ತಾರೆ.

ಶರಣು ಶಿಬಿರ ಸೇರಿದ. ಹೊರ ರಾಜ್ಯದಲ್ಲಿ ಅವನ ಮೊದಲ ದೊಡ್ಡ ರೇಸು ಇದ್ದ ದಿನ ಬೆಳಿಗ್ಗೆ ಫೋನ್ ಮಾಡಿದ.

"ಅಣ್ಣಾ, ಒಂದ್ ಸಲ ಕಣ್ ಮುಚ್ಚಿ ಹೇಳು. ಇಲ್ಲಿ ದಾರಿ ಹ್ಯಾಂಗೈತಿ?"

ಮುಚ್ಚಿದೆ. ಬರೀ ಕತ್ತಲೆ. "ಏನೂ ಕಾಣ್ತಿಲ್ಲ ಕಣೋ," ಎಂದೆ.

ಅವನು ನಕ್ಕ. "ಹಂಗಾದ್ರ ದಾರಿ ಕ್ಲೀನ್ ಐತಿ ಅಂದಂಗಾತು. ಇವತ್ತು ಬ್ರೇಕ್ ಮುಟ್ಟಂಗಿಲ್ಲ ನೋಡಣ್ಣ!"

"ಅಲ್ವೋ, ಹಾಗಲ್ಲ" ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದ. ಮತ್ತೆ ಮಾಡಿದರೆ ಸ್ವಿಚ್ ಆಫ್. ಒಳಗೆ ಹೋಗಿ ಬಾಗಿಲು ಹಾಕಿ ಮಂಚದ ಮೇಲೆ ಕೂತೆ. ತಲೆನೋವಾ ಎಂದು ಹೆಂಡತಿ ಆಚೆಯಿಂದ ಕೇಳಿದಳು, ಹೂಂ ಎಂದೆ. ಸಂಜೆ ಅವನು ಕೇಕೆ ಹಾಕುತ್ತ ಫೋನ್ ಮಾಡುವವರೆಗೂ, ನೋಡಿಲ್ಲದ ಊರಿನ ನೋಡಿಲ್ಲದ ಗುಡ್ಡದ ಯಾವುದಾದರೂ ಒಂದು ತಿರುವು ಕಾಣಲಿ ಎಂದು ಕಣ್ಣು ಮುಚ್ಚಿಕೊಂಡೇ ಕೂತಿದ್ದೆ.