ಹೊಳಪು ಬಂದ ನಳಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನಂತೆ ದಪ್ಪವಾಗಿ, ಎಣ್ಣೆ ಕುಡಿದು ಕಪ್ಪಾಗಿತ್ತು. ಕನ್ನಡಕ ತೆಗೆದಿಟ್ಟು, ಹಳೆಯ ಕೋವಿಯ ನಳಿಗೆಯ ಮೇಲೆ ಆ ಉಗುರನ್ನು ಮೆಲ್ಲಗೆ ಎಳೆಯುತ್ತಿದ್ದರು. ತಯಾರಿಸಿದವರು ಒತ್ತಿದ ಮುದ್ರೆ ಸಿಕ್ಕಲ್ಲಿ ಉಗುರು ತಡೆದು ನಿಲ್ಲುತ್ತಿತ್ತು.

ಜಾಲಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಅವರೊಬ್ಬರೇ ಇದ್ದರು. ಕೋವಿ ರಿಪೇರಿ ಬಿಟ್ಟು ಬಹಳ ಕಾಲವಾಗಿತ್ತು. ನಾನು ಅವರನ್ನು ಯಜಮಾನ್ರೇ ಎನ್ನುತ್ತಿದ್ದೆ. ನನ್ನ ಹೆಂಡತಿ ತೀರಿಹೋದ ಮೇಲೆ ಸಂಜೆ ಕೂರಲು ನನಗೂ ಬೇರೆ ಜಾಗವಿರಲಿಲ್ಲ.

"ನಂಬರ್ ಯಾವನ್ ಬೇಕಾದ್ರೂ ಹೊಡೀತಾನೆ ಕಣಪ್ಪ. ಮದ್ದು ಹೆಂಗೆ ಹತ್ಕೊಳ್ತದೆ ನೋಡು, ಮುದ್ರೆ ನೋಡು. ಆಮೇಲೆ ಕೋವಿ ವಯಸ್ಸು ಹೇಳು" ಎನ್ನುತ್ತಿದ್ದರು.

"ನನ್ ವಯಸ್ಸು ಹೇಳಿ ನೋಡೋಣ."

"ನೀನಾ? ಬರೀ ತುಕ್ಕು!"

ಅವರ ಗೋಡೆಯ ಮೇಲೆ ತಾತನ ಕೋವಿಯೊಂದಿತ್ತು. ಅದು ಪುರಾತನದ್ದು, ಅದರಿಂದ ಇನ್ನೆಂದೂ ಗುಂಡು ಹಾರದು ಎಂದು ತೋರಿಸಿದರೆ ಲೈಸೆನ್ಸ್ ಬೇಕಿಲ್ಲ, ಇಲ್ಲವಾದರೆ ಒಪ್ಪಿಸಿ ಎಂದು ಠಾಣೆಯವರು ಹೇಳಿ ಕಳಿಸಿದರು. ಗುಂಡು ಹಾರದಂತೆ ನಳಿಗೆಯೊಳಗೆ ಎಂದೋ ಬೆಸುಗೆ ಹಾಕಿಸಿದ್ದರು. ಅದು ಎಷ್ಟು ಹಳೆಯದೆಂಬುದಕ್ಕೆ ಮಾತ್ರ ನಳಿಗೆಯ ಮೇಲಿನ ಮುದ್ರೆಯೇ ಸಾಕ್ಷಿ.

"ಧೂಳು ಒರ್ಸ್ಕೊಂಡು ಬಾ, ಸಾಕು" ಎಂದು ಯಜಮಾನರು ನಳಿಗೆ ಬಿಚ್ಚಿ ನನಗೆ ಕೊಟ್ಟರು.

ಪೀಣ್ಯದ ಕಾರ್ಖಾನೆಯಲ್ಲಿ ಜೀವನವಿಡೀ ಲೋಹಕ್ಕೆ ಹೊಳಪು ಕೊಡುವ ಬಫಿಂಗ್ ಚಕ್ರದ ಮುಂದೆ ನಿಂತವನು ನಾನು. ಮಂಕಾದ ಲೋಹ ಕಂಡರೆ ಕೈ ಸುಮ್ಮನಿರದು. ಅಧಿಕಾರಿಗಳೂ ಮೆಚ್ಚಲಿ ಎಂದು ನನ್ನ ಹಳೆಯ ಶೆಡ್ಡಿಗೆ ಒಯ್ದು, ಕನ್ನಡಿಯಂತೆ ಉಜ್ಜಿ ತಂದೆ.

ಯಜಮಾನರು ಉಗುರು ಎಳೆದರು. ಅದು ಎಲ್ಲಿಯೂ ನಿಲ್ಲದೆ ತುದಿಯವರೆಗೂ ಜಾರಿತು. ಒಳಗೆ ಹೋಗಿ ನನಗೆ ಕಾಫಿ ತಂದರು.

ಪರೀಕ್ಷೆಗೆ ಬಂದ ಅಧಿಕಾರಿ, "ಇಂಥವನ್ನ ಈಗ್ಲೂ ಮಾಡ್ತಾರೆ ಯಜಮಾನ್ರೇ. ಹಳೇದು ಅನ್ನೋಕೆ ಇದ್ದ ಗುರುತು ಅಳ್ಸಿದ್ ಯಾರು?" ಎಂದರು. ಯಜಮಾನರು ನನ್ನತ್ತ ನೋಡಲೇ ಇಲ್ಲ. "ನೀವೇನಾದ್ರೂ ಬಲ್ರಾ?" ಎಂದು ಅಧಿಕಾರಿ ನನ್ನ ಕಡೆ ತಿರುಗಿದರು. ಕೇಸಿಗೆ ಹೆದರಿ, "ಗೊತ್ತಿಲ್ಲ ಸಾರ್" ಎಂದುಬಿಟ್ಟೆ.

"ನಾನೇ ಸಾರ್. ಬುದ್ಧಿ ಇಲ್ದೆ ಉಜ್ಬಿಟ್ಟೆ" ಎಂದರು ಯಜಮಾನರು.

ಅಧಿಕಾರಿ ಕೋವಿಯನ್ನು ಒಯ್ದರು. ಆಮೇಲೂ ನಾನು ಹೋಗಿ ಕೂರುತ್ತಿದ್ದೆ. ಕೋವಿಯ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ. ನಮಗೆ ಬೇರೆ ಮಾತೂ ಇರಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ತಿಥಿ ಮುಗಿದ ಮೇಲೆ ಠಾಣೆಗೆ ಹೋಗಿ, ಉಜ್ಜಿದವನು ನಾನು ಎಂದು ಹೇಳಿದೆ. ಮೇಜಿನ ಹಿಂದೆ ಕೂತಿದ್ದ ಪೊಲೀಸ್ ಹೆಣ್ಣುಮಗಳು ತಲೆಯೆತ್ತಿ, "ಅದೆಲ್ಲ ಯಾವಾಗ್ಲೋ ಮುಗ್ದೋಯ್ತು ತಾತ. ಅವ್ರು ನಿಮಗೇನಾಗ್ಬೇಕು?" ಎಂದಳು.

"ನನಗಿದ್ದೋರು ಅವ್ರೊಬ್ರೇ ಕಣಮ್ಮ" ಎಂದೆ.